ಗೇಟಿನ ಹೊರಗೆ ನಿಂತ ಅಮ್ಮ: ಮದ್ರಾಸಿನ ಮಾಂಟೆಸರಿ ಕಥೆ

ಚೆನ್ನೈನ ಅಡ್ಯಾರು, ತಿರುವಾನ್ಮಿಯೂರು, ವೇಳಚೇರಿ, ಪೆರುಂಗುಡಿಗಳ ಒಳರಸ್ತೆಗಳಲ್ಲಿ ಒಂದು ಸುತ್ತು ಹಾಕಿದರೆ ‘ಮಾಂಟೆಸರಿ ಅಂಡ್ ಡೇಕೇರ್’ ಎಂಬ ಬೋರ್ಡು ಔಷಧಿ ಅಂಗಡಿಯಷ್ಟೇ ಸಲೀಸಾಗಿ ಕಣ್ಣಿಗೆ ಬೀಳುತ್ತದೆ. ಸಾಮಾನ್ಯವಾಗಿ ಅದು ಹಳೆಯ ಮನೆಯೊಂದರ ನೆಲ ಅಂತಸ್ತು. ಅಂಗಳದಲ್ಲಿ ಮರ, ಬಾಗಿಲ ಬಳಿ ಪುಟಾಣಿ ಚಪ್ಪಲಿಗಳ ಸ್ಟ್ಯಾಂಡು. ಜೂನ್ ತಿಂಗಳ ಮೊದಲ ವಾರವಾದರೆ ಒಳಗೆ ಮಕ್ಕಳ ಅಳು, ಹೊರಗೆ ಗೇಟಿನ ಸಂದಿಯಲ್ಲಿ ಇಣುಕುವ ಅಪ್ಪ-ಅಮ್ಮಂದಿರು. ಅವರಲ್ಲಿ ಅರ್ಧ ಜನರ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ಆಗಲೇ ತೂಗುತ್ತಿರುತ್ತದೆ.

ಇಂಥ ಬೋರ್ಡು ಈಗ ಎಲ್ಲ ಊರಲ್ಲೂ ಇದೆ. ಆದರೆ ಚೆನ್ನೈಗೆ, ಅದರಲ್ಲೂ ಅಡ್ಯಾರಿಗೆ, ಆ ಹೆಸರಿನ ಮೇಲೆ ಬೇರೆಯವರಿಗಿಲ್ಲದ ಹಕ್ಕಿದೆ. ಮಾರಿಯಾ ಮಾಂಟೆಸರಿ ಎಂಬ ಇಟಲಿಯ ವೈದ್ಯೆ ಖುದ್ದಾಗಿ ಬಂದು ಪಾಠ ಹೇಳಿದ ಊರು ಇದು. ಆಕೆಯ ಬದುಕು, ಬೋಧನೆಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಗೇಟಿನ ಹೊರಗೆ ನಿಂತವರ ಕಥೆಯನ್ನು ಬರೆದವರು ಕಡಿಮೆ. ಈ ಪದ್ಧತಿಯಲ್ಲಿ ಅಪ್ಪ-ಅಮ್ಮಂದಿರ ಕೈವಾಡ ಎಷ್ಟಿದೆ ಎಂದು ನೋಡಬೇಕಾದರೆ ಮೊದಲು ರೋಮ್‌ಗೆ ಹೋಗಿಬರಬೇಕು.

1907ರ ಜನವರಿ 6. ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆ. ಅಲ್ಲಿನ ಪಾಳುಬಿದ್ದ ವಠಾರಗಳನ್ನು ಕೊಂಡು ದುರಸ್ತಿ ಮಾಡಿಸಿ ಕೂಲಿಕಾರರ ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದ ಕಂಪನಿಗೊಂದು ತಲೆನೋವಿತ್ತು. ಅಪ್ಪ-ಅಮ್ಮ ಇಬ್ಬರೂ ದುಡಿಯಲು ಹೋದ ಮೇಲೆ, ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳು ಮೆಟ್ಟಿಲ ಮೇಲೆಲ್ಲ ಓಡಾಡಿ, ಹೊಸದಾಗಿ ಸುಣ್ಣ ಬಳಿದ ಗೋಡೆಗಳನ್ನು ಗೀಚಿ ಹಾಳು ಮಾಡುತ್ತಿದ್ದವು. ವರ್ಷವರ್ಷ ಸುಣ್ಣ ಹೊಡೆಸುವುದಕ್ಕಿಂತ ಈ ಮಕ್ಕಳನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿ ನೋಡಿಕೊಳ್ಳಲು ಒಬ್ಬಾಕೆಯನ್ನು ಇಡುವುದೇ ಅಗ್ಗ ಎಂದು ಕಂಪನಿಯ ಮುಖ್ಯಸ್ಥ ಎದೊಆರ್ದೊ ತಲಾಮೊ ಲೆಕ್ಕ ಹಾಕಿದರು. ಉಸ್ತುವಾರಿಗೆ ಮಾಂಟೆಸರಿಯನ್ನು ಕರೆದರು. ವಿಯಾ ದೇಯ್ ಮಾರ್ಸಿ ಬೀದಿಯ 58ನೇ ನಂಬರಿನ ಕಟ್ಟಡದಲ್ಲಿ ತೆರೆದ ಆ ಕೋಣೆಯೇ ಮೊದಲ ‘ಮಕ್ಕಳ ಮನೆ’. ಅಂದರೆ ಜಗತ್ತಿನ ಮೊಟ್ಟಮೊದಲ ಮಾಂಟೆಸರಿ ಶಾಲೆ ಹುಟ್ಟಿದ್ದೇ ಡೇಕೇರ್ ಆಗಿ.

ಅಲ್ಲಿ ಶುಲ್ಕವಿರಲಿಲ್ಲ. ಅದರ ಬದಲು ಅಪ್ಪ-ಅಮ್ಮಂದಿರಿಗೆ ಕಟ್ಟಳೆಗಳಿದ್ದವು. ಮಗುವನ್ನು ಹೇಳಿದ ಹೊತ್ತಿಗೆ ಮೈ ತೊಳೆದು, ಶುಭ್ರವಾದ ಬಟ್ಟೆ ಹಾಕಿ ಕಳಿಸಬೇಕು. ನೋಡಿಕೊಳ್ಳುವಾಕೆಗೆ ಗೌರವ ಕೊಡಬೇಕು. ತಾಯಿ ವಾರಕ್ಕೊಮ್ಮೆಯಾದರೂ ಆಕೆಯನ್ನು ಕಂಡು ಮಗು ಮನೆಯಲ್ಲಿ ಹೇಗಿದೆ ಎಂದು ಹೇಳಬೇಕು, ಆಕೆಯ ಸಲಹೆ ಕೇಳಬೇಕು. ತೊಳೆಯದೆ ಕಳಿಸಿದರೆ, ಅಗೌರವ ತೋರಿದರೆ ಮಗುವಿನ ಹೆಸರು ತೆಗೆದುಹಾಕಲಾಗುತ್ತದೆ. ಇವತ್ತಿನ ಪೇರೆಂಟ್ಸ್ ಹ್ಯಾಂಡ್‌ಬುಕ್ಕುಗಳ ಮೂಲಪುರುಷ ಇದೇ. ಆದರೆ ಈಗಿನ ಹ್ಯಾಂಡ್‌ಬುಕ್ಕಿಗಿಂತ ಇದರಲ್ಲಿ ಒಂದು ಮಾತು ಹೆಚ್ಚಿತ್ತು. ಬಾಡಿಗೆದಾರರಾದ ಅಪ್ಪ-ಅಮ್ಮಂದಿರು ವಠಾರವನ್ನು ಚೆನ್ನಾಗಿಟ್ಟುಕೊಂಡು ಉಳಿಸಿದ ಹಣದಿಂದಲೇ ಈ ಮನೆ ನಡೆಯುತ್ತಿತ್ತು. ಹಾಗಾಗಿ ಅದು ಅವರದೇ ಸ್ವತ್ತು ಎಂದು ಮಾಂಟೆಸರಿ ಹೇಳುತ್ತಿದ್ದರು.

ಇನ್ನೊಂದು ಪ್ರಸಂಗವಿದೆ, ಚೆನ್ನೈನ ಪಾಲಕರು ತಪ್ಪದೆ ತಿಳಿದುಕೊಳ್ಳಬೇಕಾದದ್ದು. ಮಾಂಟೆಸರಿಗೆ ಆರು ವರ್ಷದೊಳಗಿನ ಮಕ್ಕಳಿಗೆ ಅಕ್ಷರ ಕಲಿಸುವ ಯೋಚನೆ ಇರಲಿಲ್ಲ. ಆ ಕಾಲದ ಎಲ್ಲರಂತೆ ಅವರೂ ಅದು ಬೇಗವಾಯಿತು ಎಂದೇ ನಂಬಿದ್ದರು. ಕೆಲವು ತಿಂಗಳು ಕಳೆದ ಮೇಲೆ ಸ್ಯಾನ್ ಲೊರೆಂಜೊದ ಇಬ್ಬರು-ಮೂವರು ತಾಯಂದಿರು ಬಂದು ಕೇಳಿಕೊಂಡರು: ನಮ್ಮ ಮಕ್ಕಳಿಗೆ ಓದು-ಬರಹ ಹೇಳಿಕೊಡಿ. ಬಂದವರು ಅಕ್ಷರ ತಿಳಿಯದವರು. ಆ ಒತ್ತಾಯಕ್ಕೆ ಮಣಿದು ಮಾಂಟೆಸರಿ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ಹಲಗೆಗೆ ಅಂಟಿಸಿದರು. ಮಕ್ಕಳು ಬೆರಳಿನಿಂದ ಅದನ್ನು ತಡವಿ, ಸದ್ದು ಹೇಳಿ, ಕೆಲವೇ ತಿಂಗಳಲ್ಲಿ ನೆಲದ ಮೇಲೆಲ್ಲ ಸೀಮೆಸುಣ್ಣದಲ್ಲಿ ಬರೆಯತೊಡಗಿದವು. ಮಾಂಟೆಸರಿ ಹೆಸರು ಲೋಕಪ್ರಸಿದ್ಧವಾಗಿದ್ದು ಮುಖ್ಯವಾಗಿ ಇದರಿಂದ. ‘ನಮ್ಮ ಮಗು ಯಾವಾಗ ಬರೆಯುತ್ತೆ?’ ಎಂದು ಕೇಳುವ ಅಮ್ಮನನ್ನು ಕಂಡು ಮುಸಿನಗುವ ಶಿಕ್ಷಕಿಯರು ನೆನಪಿಡಬೇಕು: ತಮ್ಮ ಕಪಾಟಿನಲ್ಲಿರುವ ಆ ಒರಟು ಅಕ್ಷರಗಳು ಅಂಥದೇ ಪ್ರಶ್ನೆ ಕೇಳಿದ ಅಮ್ಮಂದಿರಿಂದಾಗಿ ಬಂದವು.

ಮದ್ರಾಸಿಗೆ ಈ ಪದ್ಧತಿ ಬರುವ ಹೊತ್ತಿಗೆ ಡೇಕೇರಿನ ಅಂಶ ಕಳಚಿಹೋಗಿತ್ತು. 1934ರಲ್ಲಿ ಮುಸೊಲಿನಿಯೊಂದಿಗೆ ಕೆಡಿಸಿಕೊಂಡು ಮಾಂಟೆಸರಿ ಇಟಲಿ ಬಿಟ್ಟಿದ್ದರು. ಸ್ಪೇನಿನಲ್ಲಿದ್ದಾಗ ಅಂತರ್ಯುದ್ಧ ಅಟ್ಟಿತು, ನೆದರ್ಲೆಂಡ್ಸಿಗೆ ಹೋದರು. ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷ ಜಾರ್ಜ್ ಅರುಂಡೇಲ್ ಮತ್ತು ಅವರ ಪತ್ನಿ, ಕಲಾಕ್ಷೇತ್ರದ ರುಕ್ಮಿಣೀದೇವಿ, ಅವರನ್ನು ಅಡ್ಯಾರಿಗೆ ಕರೆಸಿಕೊಂಡರು. 1939ರ ನವೆಂಬರಿನಲ್ಲಿ 69ರ ವಯಸ್ಸಿನ ಮಾಂಟೆಸರಿ ಮಗ ಮಾರಿಯೊ ಜತೆ ಮದ್ರಾಸಿಗೆ ಬಂದರು. ಮದ್ರಾಸ್ ಆಗ ಮಂಗಳೂರು, ಕಾಸರಗೋಡು, ಬಳ್ಳಾರಿಗಳ ಕನ್ನಡಿಗರಿಗೂ ರಾಜಧಾನಿ. ರಾಜಾಜಿಯವರ ಮಂತ್ರಿಮಂಡಲ ಹಿಂದಿನ ತಿಂಗಳ ಕೊನೆಯಲ್ಲಷ್ಟೇ ರಾಜೀನಾಮೆ ಕೊಟ್ಟಿತ್ತು, ಯುರೋಪಿನಲ್ಲಿ ಯುದ್ಧ ಶುರುವಾಗಿ ಎರಡು ತಿಂಗಳಾಗಿತ್ತು.

ಅಡ್ಯಾರಿನ ಆಲ್ಕಾಟ್ ಗಾರ್ಡನ್ಸ್‌ನಲ್ಲಿ ಓಲೆಗರಿ ಹೊದಿಸಿದ ಗುಡಿಸಲುಗಳ ಒಂದು ಊರೇ ಎದ್ದಿತು. ದೇಶದ ನಾನಾ ಕಡೆಗಳಿಂದ ಸುಮಾರು 300 ಶಿಕ್ಷಕ-ಶಿಕ್ಷಕಿಯರು ಬಂದು ಸೇರಿದರು. ಮಾಂಟೆಸರಿ ಇಟಾಲಿಯನ್‌ನಲ್ಲಿ ಮಾತಾಡುವುದು, ಮಾರಿಯೊ ಅದನ್ನು ಇಂಗ್ಲಿಷಿಗೆ ತಿರುಗಿಸುವುದು. ಕೇಳುವವರು ತಂತಮ್ಮ ಭಾಷೆಯಲ್ಲಿ ಟಿಪ್ಪಣಿ ಬರೆದುಕೊಳ್ಳುವ ಹೊತ್ತಿಗೆ ಮಾತು ಮೂರನೆಯ ಭಾಷೆಗೆ ಇಳಿದಿರುತ್ತಿತ್ತು. ಅಲ್ಲಿಂದ ಆಚೆ ಪ್ರತಿ ಶಿಕ್ಷಕಿಯೂ ಗುಲಾಬಿ ಗೋಪುರವನ್ನು ತನ್ನ ಊರಿಗೆ ಹೊತ್ತೊಯ್ದಳು. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಏರುವ ಹತ್ತು ಮರದ ಘನಗಳು, ಎಲ್ಲಕ್ಕೂ ಒಂದೇ ಗುಲಾಬಿ ಬಣ್ಣ. ಬಣ್ಣ, ಆಕಾರ ಬದಲಾಗದೆ ಗಾತ್ರವಷ್ಟೇ ಬದಲಾದರೆ ಮಗುವಿನ ಗಮನ ಗಾತ್ರದ ಮೇಲೇ ನಿಲ್ಲುತ್ತದೆ. ಅತಿ ಪುಟ್ಟ ಘನ ತುದಿಯಲ್ಲಿ ಕೂರದಿದ್ದರೆ ಎಲ್ಲೋ ತಪ್ಪಿದೆ ಎಂದು ಮಗುವಿಗೇ ಗೊತ್ತಾಗುತ್ತದೆ, ಟೀಚರ್ ಬಾಯಿ ತೆರೆಯಬೇಕಿಲ್ಲ.

1940ರ ಜೂನ್ 10ರಂದು ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷ್ ಭಾರತದಲ್ಲಿದ್ದ ಇಟಾಲಿಯನ್ನರೆಲ್ಲ ರಾತ್ರೋರಾತ್ರಿ ಶತ್ರುಗಳಾದರು. ಮಾರಿಯೊರನ್ನು ಅಹ್ಮದ್‌ನಗರದ ಶಿಬಿರಕ್ಕೆ ಒಯ್ದರು, ವೃದ್ಧೆಯನ್ನು ಅಡ್ಯಾರಿನ ಆವರಣದಲ್ಲೇ ಇರಿಸಿದರು. ಇಲ್ಲಿ ಈ ಕಥೆಯ ಅತ್ಯಂತ ವಿಚಿತ್ರ ತಿರುವಿದೆ. ಲೋಕದ ಮಕ್ಕಳ ಬಗ್ಗೆ ಬರೆದ ಮಾಂಟೆಸರಿ ತನ್ನ ಮಗನನ್ನು ಲೋಕದೆದುರು ಮಗನೆಂದು ಹೇಳಿಕೊಂಡಿರಲಿಲ್ಲ. ಮದುವೆಯಾಗದೆ ಹುಟ್ಟಿದ ಮಾರಿಯೊನನ್ನು ಹಳ್ಳಿಯೊಂದರ ಸಾಕುಮನೆಯಲ್ಲಿ ಬೆಳೆಸಿ, ಹದಿಹರೆಯದಲ್ಲಿ ಜತೆಗೆ ಕರೆದುಕೊಂಡ ಮೇಲೂ ಆತನನ್ನು ಬಂಧು, ದತ್ತುಮಗ ಎಂದೇ ಪರಿಚಯಿಸುತ್ತಿದ್ದರು. 1940ರ ಆಗಸ್ಟ್ 31, ಆಕೆಯ 70ನೇ ಹುಟ್ಟುಹಬ್ಬಕ್ಕೆ ವೈಸರಾಯರಿಂದ ತಂತಿ ಬಂತು. ಹುಟ್ಟುಹಬ್ಬದ ಉಡುಗೊರೆಯಾಗಿ ಮಗನನ್ನೇ ವಾಪಸು ಕಳಿಸುತ್ತಿದ್ದೇವೆ ಎಂಬ ಒಕ್ಕಣೆ. ಸರ್ಕಾರಿ ಕಾಗದದಲ್ಲಿ ಮಾರಿಯೊ ಮಗನಾದದ್ದು ಹೀಗೆ, ಮದ್ರಾಸಿನಲ್ಲಿ. ಮಕ್ಕಳನ್ನು ಬೆಳಗಿನಿಂದ ಸಂಜೆವರೆಗೆ ಬೇರೆಯವರ ಕೈಗೊಪ್ಪಿಸಿ ಒಳಗೊಳಗೇ ಕೊರಗುವ ತಾಯಂದಿರಿಗೆ ಉಪದೇಶ ಮಾಡುವವರು ಮಾಂಟೆಸರಿಯ ಈ ಮುಖವನ್ನೂ ಹೇಳಿದರೆ ಒಳ್ಳೆಯದು.

ಯುದ್ಧದ ವರ್ಷಗಳನ್ನು ಅವರು ಅಡ್ಯಾರು ಮತ್ತು ಕೊಡೈಕೆನಾಲ್‌ಗಳ ನಡುವೆ ಕಳೆದರು. ಅಹಮದಾಬಾದ್, ಶ್ರೀನಗರ, ಕರಾಚಿ, ಕೊಲಂಬೊಗಳಲ್ಲಿ ತರಬೇತಿ ಕೊಟ್ಟರು. ನಮ್ಮ ಕಡೆ ತಾಯಂದಿರು ಕೂಸನ್ನು ಸೊಂಟಕ್ಕೇರಿಸಿಕೊಂಡು ಸಂತೆಗೂ ಗದ್ದೆಗೂ ಹೋಗುವುದನ್ನು ಗಮನಿಸಿದರು. ತಾಯಿಯ ಜತೆ ಎಲ್ಲೆಡೆ ಹೋಗುವ ಕೂಸು ಮಾತು-ವ್ಯವಹಾರಗಳನ್ನೆಲ್ಲ ನೋಡುತ್ತಲೇ ಹೀರಿಕೊಳ್ಳುತ್ತದೆ ಎಂಬ ವಿಚಾರ ‘ದಿ ಅಬ್ಸಾರ್ಬೆಂಟ್ ಮೈಂಡ್’ ಪುಸ್ತಕದಲ್ಲಿದೆ. ಅದು ಮೊದಲು ಅಚ್ಚಾದದ್ದು 1949ರಲ್ಲಿ, ಅಡ್ಯಾರಿನ ಥಿಯಾಸಾಫಿಕಲ್ ಪಬ್ಲಿಷಿಂಗ್ ಹೌಸ್‌ನಿಂದ. ಅದಕ್ಕೆ ಒಂದು ವರ್ಷ ಮೊದಲು ಮದ್ರಾಸ್ ರೇಡಿಯೊದಲ್ಲಿ ಮಕ್ಕಳನ್ನು ಬೆಳೆಸುವ ಬಗ್ಗೆ ಅವರ ಭಾಷಣಮಾಲೆ ಪ್ರಸಾರವಾಗಿತ್ತು. ಶಿಕ್ಷಕಿಯರನ್ನು ಬಿಟ್ಟು ನೇರವಾಗಿ ಮನೆಗಳೊಳಗೆ ಹೋದ ಮಾತುಗಳು ಅವು.

ಅಡ್ಯಾರಿನ ಈ ಕಾಲದ ಬಗ್ಗೆ ಭಕ್ತಿಯಿಂದ ಬರೆಯುವವರು ಒಂದು ವಿಷಯವನ್ನು ಬಿಟ್ಟುಬಿಡುತ್ತಾರೆ. ಅದೇ ಪರಿಸರದಲ್ಲಿ, ಮಾಂಟೆಸರಿ ಬರುವುದಕ್ಕೆ 45 ವರ್ಷ ಮೊದಲೇ, 1894ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ಅಸ್ಪೃಶ್ಯರ ಮಕ್ಕಳಿಗಾಗಿ ಉಚಿತ ಶಾಲೆ ತೆರೆದಿದ್ದರು. ಮುಂದೆ ಅಮೆರಿಕದಿಂದ ಬಂದ ಶಿಕ್ಷಕಿಯರು ಅಲ್ಲಿ ಕಿಂಡರ್‌ಗಾರ್ಟನ್ ವಿಧಾನದಲ್ಲಿ ಕಲಿಸಿದರು. ಆಲ್ಕಾಟ್ ಸ್ಮಾರಕ ಶಾಲೆಯಾಗಿ ಅದು ಇವತ್ತಿಗೂ ಇದೆ. 1939ರ ಗುಡಿಸಲುಗಳಿಗೆ ಬಂದವರಾದರೋ ಓದಿದ ಮನೆಯವರು. ಕೂಲಿಕಾರರ ವಠಾರದಲ್ಲಿ ಹುಟ್ಟಿದ ಪದ್ಧತಿ ಮದ್ರಾಸಿನಲ್ಲಿ ವಕೀಲರ, ಅಧಿಕಾರಿಗಳ, ಪ್ರೊಫೆಸರುಗಳ ಮನೆಗಳನ್ನು ಹಿಡಿಯಿತು, ಬಹುಕಾಲ ಅಲ್ಲೇ ಉಳಿಯಿತು. ಆ ಮನೆಗಳಲ್ಲಿ ಅಜ್ಜಿಯರಿದ್ದರು, ಆಳುಗಳಿದ್ದರು. ಡೇಕೇರ್ ಯಾರಿಗೂ ಬೇಕಿರಲಿಲ್ಲ. ಬೆಳಿಗ್ಗೆ ಮೂರು ಗಂಟೆ ಮಗು ಹೋಗಿಬಂದರೆ ಸಾಕಿತ್ತು. ಮಾಂಟೆಸರಿ ಹೊರಟುಹೋದ ಮೇಲೆ ಆಲ್ಬರ್ಟ್ ಯೂಸ್ಟನ್ ಎಂಬ ಡಚ್ ಶಿಷ್ಯ ತರಬೇತಿಗಳನ್ನು ಊರೂರಿಗೆ ಒಯ್ದರು. ಚೆನ್ನೈ, ಬೆಂಗಳೂರು, ಹೈದರಾಬಾದುಗಳ ಎರಡನೆಯ ತಲೆಮಾರಿನ ಶಿಕ್ಷಕಿಯರು ಅಲ್ಲಿಂದ ಬಂದರು.

ದುಡಿಯುವ ತಾಯಂದಿರ ಮಕ್ಕಳು? ಅವರಿಗೆ ಬೇರೆಯದೇ ದಾರಿ. ಮದ್ರಾಸ್ ನಗರಸಭೆ 1920ರಲ್ಲೇ ಥೌಸಂಡ್ ಲೈಟ್ಸ್‌ನ ತನ್ನ ಶಾಲೆಯಲ್ಲಿ ಮಧ್ಯಾಹ್ನದ ಊಟ ಕೊಡತೊಡಗಿತ್ತು. 1948ರ ಕಾರ್ಖಾನೆ ಕಾಯಿದೆ, ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುಪಾಲನಾ ಕೋಣೆ ಇರಬೇಕೆಂದಿತು. 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಯೋಜನೆಯಡಿ ಅಂಗನವಾಡಿಗಳು ಬಂದವು. ಅದಕ್ಕೆ ತಳಪಾಯ ಹಾಕಿದ ಅಧ್ಯಯನ ತಂಡದ ಮುಖ್ಯಸ್ಥೆ ಮೀನಾ ಸ್ವಾಮಿನಾಥನ್ ಮುಂದೆ ಚೆನ್ನೈನಲ್ಲೇ ನೆಲೆಸಿ ಶಿಶುಪಾಲನೆಯ ಹಕ್ಕಿಗಾಗಿ ಕೊನೆತನಕ ಕೆಲಸ ಮಾಡಿದರು. 1982ರ ಜುಲೈ 1ರಂದು ಎಂ.ಜಿ.ಆರ್. ಸರ್ಕಾರದ ಪೌಷ್ಟಿಕ ಊಟದ ಯೋಜನೆ ಎರಡು ವರ್ಷದ ಕೂಸುಗಳನ್ನೂ ಒಳಗೊಂಡಿತು. ಕೂಲಿಗೆ ಹೋಗುವ ತಾಯಿಗೆ ಊರಿನ ಅಂಗನವಾಡಿ ಊಟವೂ ಹೌದು, ಕಾವಲೂ ಹೌದು. ಸ್ಯಾನ್ ಲೊರೆಂಜೊದ ನಿಜವಾದ ವಾರಸುದಾರರನ್ನು ಹುಡುಕಬೇಕಾದದ್ದು ಇಲ್ಲಿ.

ಎರಡೂ ದಾರಿಗಳು ಒಮ್ಮೆ ಕೂಡಿದವು. 2003ರಲ್ಲಿ ಚೆನ್ನೈ ಕಾರ್ಪೊರೇಷನ್ ಆಯುಕ್ತರಾಗಿದ್ದ ಎಂ.ಪಿ. ವಿಜಯಕುಮಾರ್, 13 ಕಾರ್ಪೊರೇಷನ್ ಶಾಲೆಗಳಲ್ಲಿ ಚಟುವಟಿಕೆ ಆಧಾರಿತ ಕಲಿಕೆಯನ್ನು ಶುರುಮಾಡಿಸಿದರು. ಮಕ್ಕಳು ಚಾಪೆಯ ಮೇಲೆ ಗುಂಪಾಗಿ ಕೂರುವುದು, ಕಾರ್ಡು-ಮಣಿಗಳಿಂದ ತಮ್ಮ ವೇಗದಲ್ಲಿ ಕಲಿಯುವುದು, ಮಗುವಿನ ಎತ್ತರಕ್ಕೆ ಗೋಡೆಯ ಮೇಲೆ ಕರಿಹಲಗೆ. ಇದಕ್ಕೆ ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕಲಿಕಾ ಏಣಿಯೂ ಮಾಂಟೆಸರಿ ಸಾಮಗ್ರಿಯೂ ಮೂಲ. ಕೆಲವೇ ವರ್ಷಗಳಲ್ಲಿ ಅದು ತಮಿಳುನಾಡಿನ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹಬ್ಬಿತು. ಕನ್ನಡಿಗರಿಗೆ ಇದು ಹೊಸದಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲೇ ಆರಂಭವಾದ ನಲಿಕಲಿ ಅದೇ ರಿಷಿವ್ಯಾಲಿ ಬಳ್ಳಿಯ ಕುಡಿ.

ನಡುವೆ, 2004ರ ಜುಲೈ 16ರಂದು, ಕುಂಭಕೋಣದ ಶಾಲೆಯೊಂದರ ಅಡುಗೆಮನೆಯ ಬೆಂಕಿ ಮೇಲಿನ ಗರಿಚಪ್ಪರಕ್ಕೆ ಹತ್ತಿ 94 ಮಕ್ಕಳು ಸತ್ತರು. ಒಂದೇ ಕಟ್ಟಡದಲ್ಲಿ ಹಲವು ಶಾಲೆಗಳು, ಇಕ್ಕಟ್ಟಾದ ಮೆಟ್ಟಿಲು. ರಾಜ್ಯದ ಶಾಲೆಗಳ ಗರಿಚಾವಣಿಗಳನ್ನೆಲ್ಲ ಸರ್ಕಾರ ಕೀಳಿಸಿತು. ಅಪ್ಪ-ಅಮ್ಮಂದಿರು ಶಾಲೆ ನೋಡುವ ಕಣ್ಣೇ ಬದಲಾಯಿತು. ಅಡ್ಯಾರಿನಲ್ಲಿ ಹೆಮ್ಮೆಯಿಂದ ಎಬ್ಬಿಸಿದ್ದ ಓಲೆಗುಡಿಸಲುಗಳನ್ನು ಇವತ್ತು ಯಾವ ಅಧಿಕಾರಿಯೂ ಒಪ್ಪಲಾರ, ಒಪ್ಪಲೂ ಬಾರದು. ಮನೆಮನೆಗಳಲ್ಲಿ ನಡೆಯುತ್ತಿದ್ದ ಪ್ಲೇ ಸ್ಕೂಲುಗಳಿಗೆ ತಮಿಳುನಾಡು ಸರ್ಕಾರ ಪ್ರತ್ಯೇಕ ನಿಯಮಾವಳಿ ತಂದದ್ದು ಮಾತ್ರ 2015ರಲ್ಲಿ.

ಇನ್ನು ಐಟಿ. ತರಮಣಿಯ ಟೈಡೆಲ್ ಪಾರ್ಕ್ 2000ರಲ್ಲಿ ತೆರೆಯಿತು. ಅಡ್ಯಾರಿನ ಆಲ್ಕಾಟ್ ಗಾರ್ಡನ್ಸ್‌ನಿಂದ ಅದು ಕೆಲವೇ ಕಿಲೋಮೀಟರ್ ದೂರ. ಹಳೆಯ ಮಹಾಬಲಿಪುರಂ ರಸ್ತೆಯುದ್ದಕ್ಕೂ ಶೋಲಿಂಗನಲ್ಲೂರು, ಸಿರುಸೇರಿಯವರೆಗೆ ಕಂಪನಿಗಳು ಎದ್ದವು. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದಲೂ ಹುಡುಗ-ಹುಡುಗಿಯರು ಬಂದು ಅಲ್ಲಿ ಮನೆ ಹೂಡಿದರು. ಬಾಣಂತನಕ್ಕೆ ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದ ಅಜ್ಜಿ ಸೆಕೆಗೆ ಬೇಸತ್ತು ಮೈಸೂರಿಗೆ ಮರಳಿದ ಮೇಲೆ ಮಗುವಿಗೆ ಯಾರು ಎಂಬ ಪ್ರಶ್ನೆ ಬಂತು. ಬೆಳಿಗ್ಗೆ ಮೂರು ಗಂಟೆಯ ಶಾಲೆ ಇಂಥವರಿಗೆ ಯಾವ ಮೂಲೆಗೂ ಸಾಲದು. ಮಾಂಟೆಸರಿಯ ಪಕ್ಕದಲ್ಲಿ ‘ಅಂಡ್ ಡೇಕೇರ್’ ಸೇರಿದ್ದು ಹೀಗೆ.

ಸೇರಿದರೂ ಎರಡೂ ಒಂದಾಗಲಿಲ್ಲ. ಬೆಳಿಗ್ಗೆ ತರಬೇತಿ ಪಡೆದ ಶಿಕ್ಷಕಿ, ಪಿಸುಮಾತು, ಚಾಪೆ ಮಡಚಿಡುವ ಶಿಸ್ತು. ಹನ್ನೆರಡೂವರೆಗೆ ಊಟ, ನಿದ್ದೆ. ಆಮೇಲೆ ಬರುವುದು ಆಯಾ, ಕೆಲವೆಡೆ ಟಿವಿ. ಒಂದೇ ಮಗು, ಒಂದೇ ಕೋಣೆ, ಎರಡು ಲೋಕ. ಕನ್ನಡದ ಮನೆಯ ಮಗುವಿಗೆ ಶಿಕ್ಷಕಿಯ ಇಂಗ್ಲಿಷ್ ಬೆಳಿಗ್ಗೆಯ ಭಾಷೆ, ಆಯಾಳ ತಮಿಳು ಮಧ್ಯಾಹ್ನದ ಭಾಷೆ. ಬಿದ್ದು ಅತ್ತಾಗ ಎತ್ತಿಕೊಳ್ಳುವವಳು ಆಯಾ ಆದ್ದರಿಂದ ಮೊದಲು ಹತ್ತುವುದು ತಮಿಳೇ.

ಮನೆಗೆ ಬಂದ ಮಗುವನ್ನು ‘ಇವತ್ತು ಏನು ಕಲಿಸಿದರು?’ ಎಂದು ಕೇಳಿದರೆ ‘ನೀರು ಸುರಿದೆ’ ಎನ್ನುತ್ತದೆ. ಒಂದು ಹೂಜಿಯಿಂದ ಇನ್ನೊಂದಕ್ಕೆ ಸುರಿದು, ಚೆಲ್ಲಿದ್ದನ್ನು ಸ್ಪಂಜಿನಲ್ಲಿ ಒರೆಸಿ, ತಟ್ಟೆಯನ್ನು ಇದ್ದ ಜಾಗದಲ್ಲೇ ಇಟ್ಟು ಬಂದಿದೆ. ಫೀಸು ಕಟ್ಟಿದ ತಂದೆಗೆ ಇದು ದುಬಾರಿ ನೀರು. ಮೂರು ತಿಂಗಳಾದ ಮೇಲೆ ಅದೇ ಮಗು ಊಟದ ತಟ್ಟೆಯನ್ನು ತಾನೇ ಎತ್ತಿ ಸಿಂಕಿಗೆ ಒಯ್ದಾಗ ಆತನಿಗೆ ಏನೋ ಹೊಳೆಯುತ್ತದೆ. ಆದರೆ ಆ ಹೊತ್ತಿಗೆ ಪಕ್ಕದ ಫ್ಲ್ಯಾಟಿನ ಮಗು ಎಬಿಸಿಡಿ ಬರೆದು ತೋರಿಸಿರುತ್ತದೆ.

ದೊಡ್ಡ ಪೆಟ್ಟು ಬೀಳುವುದು ಇನ್ನೊಂದು ಕಡೆ. ಮಾಂಟೆಸರಿ ಮನೆ ಮೂರು ವರ್ಷದ ಲೆಕ್ಕ. ಎರಡೂವರೆಯಿಂದ ಆರರವರೆಗಿನ ಮಕ್ಕಳು ಒಟ್ಟಿಗಿದ್ದು, ಮೊದಲೆರಡು ವರ್ಷ ದೊಡ್ಡವರನ್ನು ನೋಡಿ ಕಲಿತದ್ದನ್ನು ಮೂರನೆಯ ವರ್ಷ ಚಿಕ್ಕವರಿಗೆ ತೋರಿಸಬೇಕು. ಚೆನ್ನೈನ ಹೆಸರಾಂತ ಶಾಲೆಗಳು ಸೇರಿಸಿಕೊಳ್ಳುವುದು ಎಲ್‌ಕೆಜಿಗೆ. ಆಗ ತಪ್ಪಿದರೆ ಒಂದನೇ ತರಗತಿಗೆ ಸೀಟಿಲ್ಲ. ಮಕ್ಕಳನ್ನೂ ಪಾಲಕರನ್ನೂ ಪರೀಕ್ಷಿಸಿ ಸೇರಿಸಿಕೊಳ್ಳಬಾರದೆಂದು 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಹೇಳಿದರೂ, ಅರ್ಜಿಗಾಗಿ ರಾತ್ರಿಯಿಡೀ ಫುಟ್‌ಪಾತಿನಲ್ಲಿ ಸಾಲುನಿಂತ ತಂದೆಯರ ಫೋಟೊ ಅದರ ಮೇಲೂ ಪತ್ರಿಕೆಗಳಲ್ಲಿ ಬಂದಿದೆ. ಹೀಗಾಗಿ ಮೂರನೆಯ ವರ್ಷಕ್ಕೆ ಮುಂಚೆಯೇ, ಕೆಲವರು ಮೊದಲ ವರ್ಷಕ್ಕೇ, ಮಗುವನ್ನು ಬಿಡಿಸುತ್ತಾರೆ. ಇದನ್ನು ಪಾಲಕರ ಅಜ್ಞಾನ ಎನ್ನುವುದು ಸುಲಭ. ಅವರು ಮಾಡುತ್ತಿರುವುದು ಸೀಟಿನ ಲೆಕ್ಕ, ಆ ಲೆಕ್ಕ ತಪ್ಪೂ ಅಲ್ಲ. ನಮ್ಮ ಬೆಂಗಳೂರಿನದು ಇದಕ್ಕಿಂತ ಒಂದು ಕೈ ಮೇಲು. ಅಲ್ಲಿ ‘ಮಾಂಟ್ ಒಂದು, ಮಾಂಟ್ ಎರಡು, ಮಾಂಟ್ ಮೂರು’ ಎಂದು ವಯಸ್ಸಿನ ಪ್ರಕಾರ ತರಗತಿಗಳನ್ನೇ ಮಾಡಿ, ಬೇರೆಬೇರೆ ವಯಸ್ಸಿನವರು ಕೂಡಿ ಕಲಿಯಬೇಕೆಂಬ ಮೂಲಮಾತನ್ನೇ ಮುಗಿಸಿದ್ದಾರೆ.

ಕೋವಿಡ್ ಬಂದಾಗ ಚೆನ್ನೈನ ಮಾಂಟೆಸರಿ ಮನೆಗಳ ಬಾಗಿಲು 2020ರ ಮಾರ್ಚಿನಲ್ಲಿ ಮುಚ್ಚಿತು. ತಮಿಳುನಾಡಿನಲ್ಲಿ ನರ್ಸರಿ, ಪ್ಲೇ ಸ್ಕೂಲುಗಳು ಮತ್ತೆ ತೆರೆದದ್ದು 2022ರ ಫೆಬ್ರವರಿ 16ಕ್ಕೆ. ಗುಲಾಬಿ ಗೋಪುರವನ್ನು ಜೂಮ್‌ನಲ್ಲಿ ಕಟ್ಟಲಾಗದು. ಮನೆಯಿಂದಲೇ ಆಫೀಸು ನಡೆಸುತ್ತಿದ್ದ ಅಪ್ಪ-ಅಮ್ಮಂದಿರಿಗೆ ಆ ಸುಮಾರು ಎರಡು ವರ್ಷಗಳಲ್ಲಿ ಮಾಂಟೆಸರಿಗಿಂತ ಡೇಕೇರಿನ ಬೆಲೆ ಚೆನ್ನಾಗಿ ತಿಳಿಯಿತು. ತೆರೆದ ಮೇಲೆ ಬಂದ ಮೂರು ವರ್ಷದ ಮಕ್ಕಳಲ್ಲಿ ಬಹುಪಾಲು, ಮನೆಯವರ ಹೊರತು ಬೇರೆಯವರ ಮುಖವನ್ನು ಮಾಸ್ಕಿಲ್ಲದೆ ನೋಡಿದ್ದೇ ಕಡಿಮೆ.

ಇಷ್ಟೆಲ್ಲ ಆದ ಮೇಲೆ ಹೆಸರಿನ ವಿಷಯ. ‘ಮಾಂಟೆಸರಿ’ ಎಂಬುದು ಯಾರ ಸ್ವತ್ತೂ ಅಲ್ಲ. ಅಮೆರಿಕದಲ್ಲಿ 1967ರಲ್ಲೇ ಟ್ರೇಡ್‌ಮಾರ್ಕ್ ಮಂಡಳಿ ಅದು ಸಾಮಾನ್ಯ ಪದ ಎಂದು ತೀರ್ಪು ಕೊಟ್ಟಿತು. ಮಾಂಟೆಸರಿ 1929ರಲ್ಲಿ ಸ್ಥಾಪಿಸಿದ ಅಂತಾರಾಷ್ಟ್ರೀಯ ಸಂಘದ ಡಿಪ್ಲೊಮಾ ಪಡೆದವರು ಚೆನ್ನೈನಲ್ಲಿ ಸಾಕಷ್ಟಿದ್ದಾರೆ, ಒಳ್ಳೆಯ ಮನೆಗಳೂ ಇವೆ. ಆದರೆ ನಾಳೆ ಯಾರಾದರೂ ಗ್ಯಾರೇಜಿಗೆ ಬಣ್ಣ ಬಳಿದು ಪ್ಲಾಸ್ಟಿಕ್ ಜಾರುಬಂಡಿ ಇಟ್ಟು ಅದೇ ಹೆಸರು ಬರೆಸಿದರೆ ತಡೆಯುವವರಿಲ್ಲ.

ಆದ್ದರಿಂದ ಸೇರಿಸುವ ಮೊದಲು ಬ್ರೋಷರ್ ಬದಿಗಿಟ್ಟು, ಒಂದು ಬೆಳಿಗ್ಗೆ ಮೂಲೆಯಲ್ಲಿ ಸುಮ್ಮನೆ ಕೂರಲು ಬಿಡಿ ಎಂದು ಕೇಳಿ. ಮಕ್ಕಳು ತಾವೇ ಕೆಲಸ ಆರಿಸಿಕೊಳ್ಳುತ್ತವೆಯೇ, ಮೂರರ ಮಗುವೂ ಐದರ ಮಗುವೂ ಒಂದೇ ಕೋಣೆಯಲ್ಲಿವೆಯೇ, ನಡುವೆ ಗಂಟೆ ಬಾರಿಸಿ ಎಬ್ಬಿಸುತ್ತಾರೆಯೇ ನೋಡಿ. ಮಧ್ಯಾಹ್ನ ಎರಡರ ಮೇಲೆ ಹೇಳದೆ ಇನ್ನೊಮ್ಮೆ ಹೋಗಿ, ಆಯಾಳ ಹೆಸರು ಕೇಳಿ, ಆಕೆ ಎಷ್ಟು ವರ್ಷದಿಂದ ಅಲ್ಲಿದ್ದಾಳೆ ಎಂದು ಕೇಳಿ. ನಿಮ್ಮ ಕಂಪನಿಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಕಚೇರಿಯವರನ್ನೂ ಒಂದು ಮಾತು ಕೇಳಿ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯಿದೆ ತಂದ ನಿಯಮದ ಪ್ರಕಾರ ಅಂಥ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು.